ಹನ್ನೊಂದರಿಂದ ಮೂರರವರೆಗೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ನನ್ನ ಗಂಡನ ಮೇಲೆ ಹೊಟ್ಟೆಕಿಚ್ಚು. ಬೇರೆ ಹೆಂಗಸಿನ ಕಾರಣಕ್ಕಲ್ಲ. ಆ ಮನುಷ್ಯ ಬೇರೆ ಹೆಂಗಸನ್ನು ಕಣ್ಣೆತ್ತಿ ನೋಡುವ ಪೈಕಿಯಲ್ಲ. ನೋಡಿದರೂ ಆಕೆಯ ಮನೆಯ ಲಗ್ನಪತ್ರಿಕೆಯಲ್ಲಿ ತಪ್ಪೆಷ್ಟಿದ್ದವು ಎಂದು ನೆನಪಿಸಿಕೊಳ್ಳುವ ಪೈಕಿ. ನನ್ನ ಕಿಚ್ಚು ನಮ್ಮ ಮಗಳು ಅನಘಾನ ಸಲುವಾಗಿ. ಮೂರು ವರ್ಷದ ಆ ಹುಡುಗಿಗೆ ಅಪ್ಪನೇ ಎಲ್ಲ. ನಾನು ಹೆತ್ತವಳು, ಅಷ್ಟೇ.

ನನ್ನ ಗಂಡ ಜಯತೀರ್ಥ ಕಲಬುರಗಿಯ ಒಂದು ದಿನಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದರು. ಅನಘಾ ಹುಟ್ಟಿ ಮೂರು ತಿಂಗಳಿಗೆ ಆ ಪತ್ರಿಕೆ ಮುಚ್ಚಿತು. ನನ್ನದು ಕಮಲಾಪುರದಲ್ಲಿ ಸರಕಾರಿ ಶಾಲೆಯ ನೌಕರಿ; ಬ್ರಹ್ಮಪುರದ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ಹೋಗಿ ಬರಬೇಕು. ಹೆರಿಗೆ ರಜೆ ಮುಗಿದಾಗ ಕೂಸನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಅತ್ತೆ ತೀರಿಕೊಂಡಿದ್ದರು, ನನ್ನ ತಾಯಿ ಸೊಲ್ಲಾಪುರದಲ್ಲಿ ಅಣ್ಣನ ಮನೆಯಲ್ಲಿದ್ದರು. "ಎರಡು ತಿಂಗಳು ನಾ ನೋಡ್ಕೋತೀನಿ, ಅಷ್ಟರಾಗ ಬ್ಯಾರೆ ಕೆಲಸ ಸಿಗತದ," ಎಂದರು. ಆ ಎರಡು ತಿಂಗಳು ಮೂರು ವರ್ಷವಾಯಿತು.

ನೋಡಿಕೊಂಡರು, ಸುಳ್ಳು ಹೇಳಬಾರದು. ಎಷ್ಟು ಚೆನ್ನಾಗಿ ನೋಡಿಕೊಂಡರೆಂದರೆ ಓಣಿಯ ಹೆಂಗಸರಿಗೆ ಬೇರೆ ಮಾತೇ ಇಲ್ಲ. ಎದುರು ಮನೆಯ ಚಂದ್ರಾಬಾಯಿಯಂತೂ ನನ್ನನ್ನು ಕಂಡ ಕೂಡಲೆ ಶುರು ಮಾಡುತ್ತಿದ್ದರು: "ಇಂದೂ, ಏನ್ ಪುಣ್ಯಾ ಮಾಡೀಯವಾ! ಗಂಡಸಾಗಿ ಕೂಸಿನ ತಲಿ ಬಾಚ್ತಾನ, ಹುಳಿಗೆ ಒಗ್ಗರಣಿ ಹಾಕ್ತಾನ. ನಮ್ಮನಿಯವರಿಗೆ ನೀರಿನ ತಂಬಗಿ ಎಲ್ಲ್ಯದ ಅನ್ನೂದೇ ಗೊತ್ತಿಲ್ಲ."

ತಲೆ ಬಾಚಿದ್ದಕ್ಕೆ ಹೊಗಳಿಕೆ! ನಾನು ಎಂಟೂವರೆಗೆ ಮನೆ ಬಿಟ್ಟು, ಬಸ್ಸಿನಲ್ಲಿ ಒಂದು ತಾಸು ನಿಂತು, ನಲವತ್ತೆಂಟು ಹುಡುಗಿಯರಿಗೆ ಭಾಗಾಕಾರ ಕಲಿಸಿ, ಸಂಜೆ ಆರಕ್ಕೆ ಧೂಳು ತಿಂದು ಬರುತ್ತೇನಲ್ಲ, ಅದಕ್ಕೆ ಯಾರಾದರೂ ಒಂದು ಮಾತು ಅಂದರೇ? ಗಂಡಸು ಒಗ್ಗರಣೆ ಹಾಕಿದರೆ ಓಣಿ ತುಂಬ ಘಮಘಮ. ಹೆಂಗಸು ದುಡಿದು ತಂದರೆ ಅದು ಆಕೆಯ ಹಣೆಬರಹ.

ಇದನ್ನೆಲ್ಲ ನುಂಗಿಕೊಳ್ಳಬಹುದಿತ್ತು. ನುಂಗಲಾಗದೇ ಇದ್ದದ್ದು ಬೆಳಗಿನ ಮಡಿ. ಅತ್ತೆ ಸಾಯುವ ಮುಂಚೆ ದೇವರ ಪೂಜೆ, ನೈವೇದ್ಯದ ಅಡುಗೆ ಎರಡನ್ನೂ ಮಗನಿಗೆ ಒಪ್ಪಿಸಿ ಹೋಗಿದ್ದರು. ಬೆಳಗ್ಗೆ ಆರಕ್ಕೆ ಸ್ನಾನ ಮಾಡಿ, ಗಳುವಿನ ಮೇಲೆ ಒಣಗಿದ ಮಡಿ ಪಂಚೆ ಉಟ್ಟು ಒಲೆಯ ಮುಂದೆ ಕೂತರೆಂದರೆ ನೈವೇದ್ಯ ಆಗುವ ತನಕ ಅವರನ್ನು ಯಾರೂ ಮುಟ್ಟುವಂತಿಲ್ಲ. ನಾನೂ ಮುಟ್ಟುವಂತಿಲ್ಲ. ಆದರೆ ಮಗು ಮುಟ್ಟಬಹುದು. ಮೈಲಿಗೆ ಇರುವುದು ಬಟ್ಟೆಗೆ, ಕೂಸಿಗಲ್ಲ ಎಂದು ನಮ್ಮ ಹಿರಿಯರು ಕಂಡುಕೊಂಡ ದಾರಿ ಅದು. ತೊಟ್ಟ ಬಟ್ಟೆ ತೆಗೆದಿಟ್ಟು ಬಂದರೆ ಮಡಿಯಲ್ಲಿದ್ದವರು ಕೂಸನ್ನು ಎತ್ತಿಕೊಳ್ಳಬಹುದು. ಅನಘಾ ಒಂದೂವರೆ ವರ್ಷಕ್ಕೇ ಇದನ್ನು ಕಲಿತಳು. ಎದ್ದ ಕೂಡಲೆ ಫ್ರಾಕನ್ನು ತಲೆಯ ಮೇಲಿಂದ ಎಳೆದು, ತನಗೆ ಬಂದಂತೆ ಮಡಚಿ ಹೊಸ್ತಿಲ ಪಕ್ಕ ಇಟ್ಟು, ಅಡುಗೆಮನೆಗೆ ಓಡಿ ಅಪ್ಪನ ಬೆನ್ನಿಗೆ ಜೋತುಬೀಳುವಳು. ಅವರು ಒಂದು ಕೈಯಲ್ಲಿ ಹುಳಿ ತಿರುವುತ್ತ, ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ ಅವಳನ್ನು ಹಿಡಿದುಕೊಳ್ಳುವರು.

ನಾನು ಹೊಸ್ತಿಲ ಈಚೆ, ಇಸ್ತ್ರಿ ಮಾಡಿದ ಸೀರೆಯಲ್ಲಿ, ಊಟದ ಡಬ್ಬಿಗೆ ಕಾಯುತ್ತ ನಿಂತಿರುವೆನು. ಹೊರಡುವಾಗ, "ಬಾ ಪುಟ್ಟೀ, ಅಮ್ಮಗ ಒಂದು ಮುದ್ದು ಕೊಡು," ಎಂದರೆ ಆಕೆ ಅಪ್ಪನ ಭುಜದ ಮೇಲೆ ಗದ್ದ ಊರಿ, "ಅಮ್ಮಾ, ನೀ ಮೈಲಿಗಿ. ದೂರ ಸರಿ," ಅನ್ನುವಳು. ಅವರಿಗೆ ನಗು. ಆ ನಗು ಕೇಳಿದರೆ ಡಬ್ಬಿಯನ್ನು ಬೀಸಿ ಒಗೆಯಬೇಕು ಅನ್ನಿಸುತ್ತಿತ್ತು ನನಗೆ. ಹೆತ್ತ ಮಗಳ ಬಾಯಲ್ಲಿ ಮೈಲಿಗೆ ಅನ್ನಿಸಿಕೊಂಡು ಬಸ್ಸು ಹಿಡಿಯುವುದು ಎಂಥದ್ದೆಂದು ಚಂದ್ರಾಬಾಯಿಗೆ ಏನು ಗೊತ್ತು? ಸಂಜೆ ಬಂದು, ಬಸ್ಸಿನ ಬಟ್ಟೆ ಬಿಚ್ಚಿ, ಸ್ನಾನ ಮುಗಿಸುವ ಹೊತ್ತಿಗೆ ಆಕೆ ಅಪ್ಪನ ಕೈತುತ್ತು ಉಂಡು ತೂಕಡಿಸುತ್ತಿರುತ್ತಿದ್ದಳು. ನನ್ನ ಪಾಲಿಗೆ ಬರುತ್ತಿದ್ದದ್ದು ನಿದ್ದೆಗಣ್ಣಿನ ಮಗಳು ಮಾತ್ರ.

2002ರ ಜುಲೈ ತಿಂಗಳ ಒಂದು ರವಿವಾರ ಅಣವೀರಪ್ಪ ಎಂಬವರು ಮನೆಗೆ ಬಂದರು. ಸೂಪರ್ ಮಾರ್ಕೆಟ್ ಹತ್ತಿರ ಹೊಸ ಪ್ರೆಸ್ ಹಾಕಿದ್ದರು. ಲಗ್ನಪತ್ರಿಕೆ, ಪಂಚಾಂಗ, ಕಾಲೇಜಿನ ಪುಸ್ತಕ, ಕೈತುಂಬ ಕೆಲಸ.

"ಕಂಪ್ಯೂಟರ್ ಹುಡುಗರಿಗೆ ಬೆರಳು ಜೋರು ಅದಾವ, ಕಣ್ಣಿಲ್ಲರೀ ಜಯತೀರ್ಥರ," ಎಂದು ಅವಲತ್ತುಕೊಂಡರು. "ಮೊನ್ನಿ ಒಂದು ಲಗ್ನಪತ್ರಿಕಾದಾಗ ಹುಡುಗಿ ಅಪ್ಪನ ಹೆಸರಿನ ಮುಂದ ದಿವಂಗತ ಅಂತ ಹಾಕ್ಯಾರ. ಆ ಮನಶ್ಯಾ ನನ್ನ ಎದುರಿಗೇ ನಿಂತು ಬೈಯಾಕತ್ತಾನ! ಪೂರಾ ದಿನ ಬ್ಯಾಡ್ರೀ. ಹನ್ನೊಂದರಿಂದ ಮೂರರ ತನಕ ಬಂದು ಕೂತು ತಪ್ಪು ಹಿಡಕೊಟ್ರ ಸಾಕು."

ನನ್ನ ಗಂಡ ತೊಡೆಯ ಮೇಲೆ ಕೂತಿದ್ದ ಅನಘಾನನ್ನು ನೋಡಿದರು. "ನೋಡೋಣ್ರೀ, ಕೂಸದ," ಎಂದರು.

ನಾನು ಒಳಗೆ ಚಹಾಕ್ಕೆ ಸಕ್ಕರೆ ಹಾಕುತ್ತಿದ್ದೆ. ಸಕ್ಕರೆ ಕರಗುವುದರೊಳಗೆ ನನ್ನ ನಿರ್ಧಾರ ಆಗಿತ್ತು. ಅವರು ಅರ್ಧ ದಿನ ಹೊರಗೆ ಹೋದರೆ ಕೂಸು ಅರ್ಧ ದಿನ ನನ್ನದು. ಬೇರೆ ಯೋಚನೆಯೇ ಬರಲಿಲ್ಲ. ಅಣವೀರಪ್ಪನವರ ಸ್ಕೂಟರ್ ಓಣಿ ದಾಟುವ ಮುಂಚೆಯೇ ಅಂದುಬಿಟ್ಟೆ: "ಹೋಗ್ರಿ."

"ಕೂಸಿನ್ನ ಯಾರು ನೋಡ್ಕೋತಾರ?"

"ನಾ. ನನ್ನ ಜೋಡಿ ಕಮಲಾಪುರಕ್ಕ ಕರಕೊಂಡು ಹೋಗ್ತೀನಿ. ನನ್ನ ಕ್ಲಾಸಿನಾಗ ಕೂಡ್ತಾಳ."

"ಹುಚ್ಚಿ ಆಗೀಯೇನು? ಒಂದು ತಾಸು ಬಸ್ಸು. ವಾಂತಿ ಮಾಡ್ಕೋತಾಳ."

"ಮಾಡ್ಕೊಂಡ್ರ ಒರಸ್ತೀನಿ. ನಾ ಆಕಿ ತಾಯಿ ಹೌದೋ ಅಲ್ಲೋ?"

ಒಂದು ವಾರ ಇದೇ ರಾಮಾಯಣ. ಅವರು ಮಳೆ ಅಂದರು, ನೆಗಡಿ ಅಂದರು, ಮಧ್ಯಾಹ್ನದ ನಿದ್ದೆ ಅಂದರು, ಶಾಲೆಯ ಅಂಗಳದ ಬಾವಿ ಅಂದರು. ಬಾವಿಗೆ ಕಬ್ಬಿಣದ ಜಾಳಿಗೆ ಹಾಕಿ ಹತ್ತು ವರ್ಷವಾಗಿದೆ ಅಂದೆ. ಮಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ ಎಂದು ಸೀದಾ ಹೇಳಬಾರದೇ? ಇಲ್ಲ, ಜಾಳಿಗೆಯಲ್ಲಿ ತೂತು ದೊಡ್ಡದಿರಬಹುದು ಅಂದರು. ನಾನೇನು ಸತ್ಯವಂತಳೇ? ನಾನೂ ಅವರ ವಿದ್ಯೆ, ಅವರ ಮರ್ಯಾದೆ, ಭವಿಷ್ಯ ಅಂತ ಬಣ್ಣ ಬಣ್ಣದ ಮಾತಾಡಿದೆ. ಯಾವುದಕ್ಕೂ ಬಗ್ಗಲಿಲ್ಲ. ಶುಕ್ರವಾರ ಸಂಜೆ ಅವರು ಅನಘಾನ ತಲೆ ಬಾಚುತ್ತ ಕೂತಿದ್ದಾಗ ನನ್ನ ನಾಲಿಗೆ ಹರಿಯಿತು.

"ಬರೂ ವರ್ಷ ಇಕಿನ್ನ ಸಾಲಿಗೆ ಹಚ್ಚತೀವಿ. ನಿಮ್ಮಪ್ಪ ಏನು ಮಾಡ್ತಾನ ಅಂತ ಕೇಳ್ತಾರ. ಏನನ್ನಬೇಕು ಇಕಿ? ಹುಳಿ ಮಾಡ್ತಾನ ಅನ್ನಬೇಕೇನು?"

ಅವರು ಬಾಚಣಿಗೆ ಕೆಳಗಿಟ್ಟರು. ಅರ್ಧ ಹೆಣೆದ ಜಡೆ ಹಾಗೇ ಉಳಿಯಿತು. ಆಡಬಾರದ ಮಾತು ಆಡಿದೆನೆಂದು ನನಗೆ ಗೊತ್ತಾಯಿತು, ಆದರೆ ವಾಪಸ್ ತೆಗೆದುಕೊಳ್ಳಲಿಲ್ಲ. ಮರುದಿನ ಬೆಳಗ್ಗೆ ಡಬ್ಬಿಯನ್ನು ಹೊಸ್ತಿಲ ಮೇಲೆ ಇಡುತ್ತ, ನನ್ನ ಮುಖ ನೋಡದೆ, "ಸೋಮವಾರದಿಂದ ಹೋಗ್ತೀನಿ," ಎಂದರು.

ಸೋಮವಾರ ಬಸ್ ಸ್ಟ್ಯಾಂಡಿನ ತನಕ ಬಂದರು. ಕಿಟಕಿಯಿಂದ ಕೈ ಚಾಚಿ ಅನಘಾ "ಅಪ್ಪಾ, ಅಪ್ಪಾ" ಎಂದು ಬಸ್ಸು ಕಿವುಡಾಗುವ ಹಾಗೆ ಅತ್ತಳು. ಕಂಡಕ್ಟರ್ ನನ್ನ ಕಡೆ, ಮಗುವನ್ನು ಕದ್ದೊಯ್ಯುವವಳನ್ನು ನೋಡಿದಂತೆ ನೋಡಿದ. ತಾಜಸುಲ್ತಾನಪುರ ದಾಟಿದ ಮೇಲೆ ಅಳು ಬಿಕ್ಕಾಯಿತು, ಬಿಕ್ಕು ನಿದ್ದೆಯಾಯಿತು. ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದು ನನ್ನ ತೊಡೆಯ ಮೇಲೆ ಮಲಗಿದಳು. ಬಾಯಿಂದ ಜೊಲ್ಲು ಸುರಿದು ಇಸ್ತ್ರಿ ಸೀರೆ ತೋಯ್ದಿತು. ಪಕ್ಕದ ಸೀಟಿನ ಹೆಂಗಸು, "ನಿಮ್ಮ ಮಗಳೇನ್ರೀ? ತಾಯಿ ಹಂಗೇ ಅದಾಳ," ಎಂದಳು. ಆಕೆಯ ಟಿಕೆಟನ್ನು ನಾನೇ ತೆಗೆಸಿಬಿಡಲೇ ಅನ್ನಿಸಿತು. ಆ ಒಂದು ತಾಸು ನಾನು ರಾಣಿ.

ಆ ವರ್ಷವೇ ನಮ್ಮ ಕಡೆಯ ಶಾಲೆಗಳಲ್ಲಿ ಮಧ್ಯಾಹ್ನದ ಬಿಸಿಯೂಟ ಶುರುವಾಗಿತ್ತು. ನಮ್ಮ ಶಾಲೆಯ ಹಿಂದೆ ತಗಡಿನ ಒಂದು ಚಪ್ಪರ ಹಾಕಿ, ಅಡುಗೆಗೆ ಹಣಮಮ್ಮ ಎಂಬಾಕೆಯನ್ನು ನೇಮಿಸಿದ್ದರು. ಐವತ್ತರ ಆಸುಪಾಸಿನ ಹೆಂಗಸು, ಊರ ಹೊರಗಿನ ಓಣಿಯವಳು, ದಲಿತರ ಪೈಕಿ. ಅದಕ್ಕೇ ಮೊದಮೊದಲು ಕೆಲವು ಹುಡುಗಿಯರಿಗೆ ಸರಿಯಾಗಿ ಊಟದ ಹೊತ್ತಿಗೇ ಹೊಟ್ಟೆನೋವು ಬರುತ್ತಿತ್ತು. ಅವರನ್ನೇಕೆ ಅನ್ನಲಿ? ಮಕ್ಕಳಿಗೆ ಬಡಿಸುವ ಮುಂಚೆ ಶಿಕ್ಷಕರೊಬ್ಬರು ರುಚಿ ನೋಡಬೇಕೆಂದು ನಿಯಮ. ನನ್ನ ಸರದಿ ಬಂದಾಗಲೆಲ್ಲ ನನಗೆ ಹಲ್ಲುನೋವು. ಮಡಿ ನನ್ನ ಗಂಡನದು ಎಂದು ಮನೆಯಲ್ಲಿ ಮೂಗು ಮುರಿಯುವ ನಾನು ಶಾಲೆಯಲ್ಲಿ ದವಡೆ ಹಿಡಿದುಕೊಳ್ಳುತ್ತಿದ್ದೆ. ಹಣಮಮ್ಮ ಎಲ್ಲ ಬಲ್ಲವಳು. "ಅಕ್ಕೋರ ಹಲ್ಲು ಇನ್ನಾ ವಾಸಿ ಆಗಿಲ್ಲೇನ್ರೀ?" ಎಂದು ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ ಕೇಳುತ್ತಿದ್ದಳು. ನಮ್ಮ ಕಡೆ ಶಾಲೆಯ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ.

ಅನಘಾನನ್ನು ಹಿಂದಿನ ಸಾಲಿನಲ್ಲಿ ಒಂದು ಪಾಟಿ, ಬಳಪ ಕೊಟ್ಟು ಕೂರಿಸಿದ್ದೆ. ಹುಡುಗಿಯರು ಆಕೆಯ ಕೆನ್ನೆ ಹಿಂಡುವುದಕ್ಕೆ ಮುಗಿಬಿದ್ದರು. ಹನ್ನೆರಡರ ಸುಮಾರಿಗೆ ಹೊಗೆಯ ವಾಸನೆ, ಅದರ ಹಿಂದೆಯೇ ಬೇಳೆ ಬೇಯುವ ವಾಸನೆ ಕಿಟಕಿಯಿಂದ ಬಂತು. ನಾನು ಹಲಗೆಯ ಕಡೆ ತಿರುಗಿ ಲೆಕ್ಕ ಬರೆಯುತ್ತಿದ್ದೆ. ಹಿಂದಿನಿಂದ ಯಾರೋ ಕೂಗಿದರು: "ಅಕ್ಕೋರ! ಅನಘಾ ಅಡುಗಿ ಅಜ್ಜಿ ಕಡಿ ಓಡಿದಳ್ರೀ! ಫ್ರಾಕ್ ತಗದು ಓಡ್ಯಾಳ್ರೀ!"

ಬಳಪ ಬಿಸಾಕಿ ಓಡಿದೆ. ಚಪ್ಪರದ ಬಾಗಿಲಲ್ಲಿ ಆಕೆಯ ಹಳದಿ ಫ್ರಾಕು ಇತ್ತು, ಮನೆಯಲ್ಲಿ ಇಡುವ ಹಾಗೇ ಮಡಚಿ. ಒಳಗೆ ಹಣಮಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಅನಘಾ ಅವಳ ಬೆನ್ನಿಗೆ ಜೋತುಬಿದ್ದು ಎರಡೂ ಕೈಗಳಿಂದ ಕೊರಳು ಹಿಡಿದಿದ್ದಳು. ಹಣಮಮ್ಮನ ಎರಡೂ ಕೈ ಮೇಲೆ, ಒಂದರಲ್ಲಿ ಸೌಟು, ಪೊಲೀಸರು ಹಿಡಿದಾಗ ನಿಲ್ಲುವವರ ಹಾಗೆ.

"ಅಕ್ಕೋರ, ನಾ ಮುಟ್ಟಿಲ್ಲರೀ. ಆಣಿ ಮಾಡಿ ಹೇಳ್ತೀನಿ, ಕೂಸೇ ಬಂದು ಬಿದ್ದದ. ನಾ ಬ್ಯಾಡ ತಾಯಿ ಬ್ಯಾಡ ತಾಯಿ ಅನ್ನಾಕತ್ತೀನ್ರೀ."

ನನ್ನ ಮಗಳು ಭುಜದ ಮೇಲಿಂದ ಗದರಿಸಿದಳು: "ಅಮ್ಮಾ, ಒಳಗ ಬರಬ್ಯಾಡ! ಅಜ್ಜಿ ಮಡೀಲೆ ಇದ್ದಾಳ!"

ಒಲೆಯ ಮುಂದೆ ಕೂತವರೆಲ್ಲ ಮಡಿಯಲ್ಲಿರುತ್ತಾರೆ ಎಂಬುದು ಆಕೆ ಕಂಡ ಲೋಕ. ಮಡಿಯಲ್ಲಿದ್ದವರ ಹತ್ತಿರ ಹೋಗಬೇಕಾದರೆ ಫ್ರಾಕು ತೆಗೆದಿಡಬೇಕು. ತೆಗೆದಿಟ್ಟು ಹೋದರೆ ಅವರು ಎತ್ತಿಕೊಳ್ಳುತ್ತಾರೆ. ಇದರಲ್ಲಿ ತಪ್ಪೇನಿದೆ?

ಅಷ್ಟರಲ್ಲಿ ಇಡೀ ಶಾಲೆ ಬಾಗಿಲಲ್ಲಿತ್ತು. ಹೆಡ್‌ಮಾಸ್ತರರೂ ಬಂದರು. ಇಂದೂಬಾಯಿ ಅಕ್ಕೋರ ಸಿಟ್ಟು ಊರಿಗೆ ಗೊತ್ತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನಗೆ ಆಗ ಏನನ್ನಿಸಿತು ಎಂದು ಹೇಳಿದರೆ ನಾಚಿಕೆಗೇಡು, ಆದರೂ ಹೇಳುತ್ತೇನೆ. ಮೊದಲು ಅನ್ನಿಸಿದ್ದು: ಈ ಹುಡುಗಿ ನನಗಾಗಿ ಒಂದು ದಿನವೂ ಫ್ರಾಕು ತೆಗೆದಿಟ್ಟು ಓಡಿ ಬಂದಿಲ್ಲ. ಇವತ್ತು ಮೊದಲ ಸಲ ಕಂಡ ಹಣಮಮ್ಮನಿಗೆ ಸಿಕ್ಕಿದ್ದು ನನಗೆ ಮೂರು ವರ್ಷವಾದರೂ ಸಿಕ್ಕಿಲ್ಲ. ಆಮೇಲೆ ಅನ್ನಿಸಿದ್ದು ಇನ್ನೂ ಕೆಟ್ಟದ್ದು: ಒಳ್ಳೆಯದೇ ಆಯಿತು! ಈ ಅಪ್ಪುಗೆ ತಮ್ಮೊಬ್ಬರ ಸ್ವತ್ತು ಎಂದು ತಿಳಿದಿದ್ದಾರಲ್ಲ ಮನೆಯ ಮಹಾರಾಯರು, ಅವರಿಗೂ ಸ್ವಲ್ಪ ಉರಿಯಲಿ.

"ಎಷ್ಟೊತ್ತು ಕೈ ಎತ್ತಿಕೊಂಡು ಕೂಡ್ತಿ, ಹಣಮಮ್ಮ?" ಎಂದೆ. "ಹಿಡ್ಕೋ ಆಕಿನ್ನ. ಒಲಿ ಮ್ಯಾಲ ಬಿದ್ದೀತು ಕೂಸು."

ಹಣಮಮ್ಮ ಸೌಟು ಕೆಳಗಿಟ್ಟು, ಕೈಯನ್ನು ಸೆರಗಿಗೆ ಮೂರು ಸಲ ಒರೆಸಿಕೊಂಡು, ಅನಘಾನನ್ನು ಮುಂದಕ್ಕೆ ತಂದು ತೊಡೆಯ ಮೇಲೆ ಕೂರಿಸಿಕೊಂಡಳು. ಬಾಗಿಲಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಊಟದ ಹೊತ್ತಿಗೆ ಹೆಡ್‌ಮಾಸ್ತರರು ಎಲ್ಲರೆದುರು, "ದೊಡ್ಡ ಮನಸ್ಸು ಅಂದ್ರ ಇಂದೂಬಾಯಿಯವರದು," ಎಂದರು. ನಾನು ತಲೆ ತಗ್ಗಿಸಿ ಹೊಗಳಿಕೆ ಇಸಿದುಕೊಂಡೆ. ದೊಡ್ಡ ಮನಸ್ಸಂತೆ! ಗಂಡನನ್ನು ಉರಿಸಲು ಒಂದು ಕೊಳ್ಳಿ ಸಿಕ್ಕಿತ್ತು, ಅಷ್ಟೇ.

ಅನಘಾ ಹಣಮಮ್ಮನ ತಟ್ಟೆಯಲ್ಲೇ ಉಂಡಳು, ಎರಡು ಸಲ ಹಾಕಿಸಿಕೊಂಡು. ನನ್ನ ಹಲ್ಲುನೋವು ಆ ದಿನವೇ ವಾಸಿಯಾಯಿತು. ಆಗದೆ ಗತಿ ಇರಲಿಲ್ಲ. ಹುಳಿ ನನ್ನ ಗಂಡನ ಹುಳಿಗಿಂತ ಚೆನ್ನಾಗಿತ್ತು. ಅದನ್ನೂ ಮನೆಗೆ ಹೋಗಿ ಹೇಳಬೇಕೆಂದು ನೆನಪಿಟ್ಟುಕೊಂಡೆ.

ನಾಲ್ಕೂವರೆಗೆ ಗಂಟೆ ಹೊಡೆದಾಗ ಅನಘಾ ಹಣಮಮ್ಮನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಎತ್ತಿಕೊಳ್ಳಲು ಹೋದರೆ ಎಚ್ಚರಾಗಿ, ನನ್ನನ್ನು ನೋಡಿ, ಮತ್ತೆ ಹಣಮಮ್ಮನ ಸೆರಗಿನೊಳಗೆ ಮುಖ ಮುಚ್ಚಿಕೊಂಡಳು. ಬೆಳಗ್ಗೆ ಬಸ್ಸಿನಲ್ಲಿ ನನ್ನ ಸೆರಗು ಹಿಡಿದ ಅದೇ ಮುಷ್ಟಿ. ಮಧ್ಯಾಹ್ನವೆಲ್ಲ ಗಂಡನ ಮೇಲೆ ಉರಿಯುತ್ತಿದ್ದ ಕಿಚ್ಚು ಆಗ ದಿಕ್ಕು ಬದಲಿಸಿತು.

"ಬಿಡು, ಹಣಮಮ್ಮ, ಬಸ್ ಹೋಗತದ," ಎಂದೆ, ಸ್ವಲ್ಪ ಗಡುಸಾಗಿಯೇ.

ಹಣಮಮ್ಮ ಮೆಲ್ಲಗೆ ಬೆರಳು ಬಿಡಿಸಿದಳು. ಆ ಊರಿನ ಕೆಂಪು ಬಾಳೆಹಣ್ಣೊಂದನ್ನು ಅನಘಾನ ಕೈಯಲ್ಲಿಟ್ಟು, "ನಾಳಿ ಬಾ ತಾಯಿ," ಎಂದಳು. ನನ್ನ ಕಡೆ ತಿರುಗಿ, "ನನ್ನ ಮೊಮ್ಮಗಳೂ ಇಷ್ಟೇ ಅದಾಳ್ರೀ ಅಕ್ಕೋರ. ನಾ ಇಲ್ಲಿಗಿ ಬರಾಕತ್ತಿದ ಮ್ಯಾಲ ಬಾಜೂ ಮನಿ ಮಸ್ತಾನಬೀ ಕಡಿ ಬಿಟ್ಟು ಬರ್ತೀನಿ. ಈಗ ನಾ ಕರದ್ರ ಬರಾಂಗಿಲ್ಲ, ಮಸ್ತಾನಬೀ ಮನಿಯಾಗೇ ಮಕ್ಕೋತೀನಿ ಅಂತಾಳ. ಹೊಟ್ಟಿ ಉರೀತದ್ರೀ, ಸುಳ್ಳ್ಯಾಕ ಹೇಳ್ಲಿ," ಎಂದು ನಕ್ಕಳು. ನಾನು ಕೂಸನ್ನು ಎತ್ತಿಕೊಂಡು ಬಸ್ಸಿನ ಕಡೆ ನಡೆದೆ.

ಮನೆಗೆ ಬಂದಾಗ ನನ್ನ ಗಂಡ ಬಾಗಿಲಲ್ಲೇ ನಿಂತಿದ್ದರು. ಪ್ಯಾಂಟು, ಶರ್ಟು; ಬೆರಳಿಗೆ ಕೆಂಪು ಶಾಯಿ. ಮೂರು ವರ್ಷದ ಮೇಲೆ ಅವರನ್ನು ಆ ವೇಷದಲ್ಲಿ ನೋಡಿದ್ದು. ಅನಘಾನನ್ನು ಎತ್ತಿಕೊಂಡು, "ಏನೇನು ಮಾಡಿದಿ ಪುಟ್ಟೀ?" ಎಂದು ಕೇಳಿದರು. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ, ಆದರೆ ಮೊದಲು ಬಾಯಿ ಬಿಟ್ಟವಳು ಅವಳೇ.

"ಅಪ್ಪಾ, ಹಣಮಜ್ಜಿ ಮಡೀಲೆ ಇದ್ಲು. ನಾ ಫ್ರಾಕ್ ತಗದು ಹೋದೆ. ಅಜ್ಜಿ ಎತ್ತಿಕೊಂಡ್ಲು."

ಉಳಿದದ್ದನ್ನು ನಾನು ಹೇಳಿದೆ. ಹಣಮಮ್ಮ ಯಾರು, ಯಾವ ಓಣಿಯವಳು, ಕೂಸು ಯಾರ ತಟ್ಟೆಯಲ್ಲಿ ಉಂಡಿತು, ಎಷ್ಟು ಸಲ ಹಾಕಿಸಿಕೊಂಡಿತು, ಒಂದೊಂದನ್ನೂ ನಿಧಾನವಾಗಿ ಹೇಳಿದೆ. ಈಗ ಮಡಿ, ಮೈಲಿಗೆ ಎಂದು ಹಾರಾಡುತ್ತಾರೆ. ಹಾರಾಡಿದರೆ ತಿರುಗಿ ಹೇಳಬೇಕಾದದ್ದೆಲ್ಲ ನನ್ನ ನಾಲಿಗೆಯ ತುದಿಯಲ್ಲಿತ್ತು. ಅವರು ಅನಘಾನ ಗದ್ದಕ್ಕೆ ಅಂಟಿದ್ದ ಬಾಳೆಹಣ್ಣನ್ನು ಬೆರಳಿನಿಂದ ಒರೆಸಿದರು.

"ಬೆಳಗ್ಗೆ ಅಷ್ಟು ಅತ್ಲಲ್ಲ," ಎಂದರು ಕಡೆಗೆ. "ಆಮ್ಯಾಲ ನನ್ನ ನೆನಸಿದ್ಲೇನು?"

"ಇಲ್ಲ," ಎಂದೆ. ಆ ಮಾತನ್ನು ಸವಿದು ಹೇಳಿದೆ.

"ಒಂದು ಸಲಾನೂ?"

"ಒಂದು ಸಲಾನೂ ಇಲ್ಲ."

ಅನಘಾನನ್ನು ಕೆಳಗಿಳಿಸಿದರು. ಗೋಡೆಗೆ ಒರಗಿ ಕೂತರು. "ನಾಳಿಂದ ನಾ ಪ್ರೆಸ್ಸಿಗೆ ಹೋಗಂಗಿಲ್ಲ," ಎಂದರು.

"ಯಾಕ? ಹಣಮಮ್ಮನ ಜಾತಿ ಕಾಡ್ಲಿಕ್ಕತ್ತದೇನು?" ಹೌದು ಅನ್ನಲಿ ಎಂದು ಕಾಯುತ್ತಿದ್ದೆ ನಾನು.

"ಜಾತಿ ತಗೊಂಡು ಏನ್ ಮಾಡ್ಲಿ, ಇಂದೂ." ಅವರ ದನಿ ಸಣ್ಣದಾಯಿತು. "ನಿನಗೇನು, ಸಾಲಿ ತುಂಬ ಹುಡುಗ್ಯಾರು. ಬಸ್ಸಿನ ತುಂಬ ಮಂದಿ. ಸಂಜೀಕ ಮನಿಗೆ ಬರೂಮುಂದ ಹತ್ತು ಮಂದಿ ಸುದ್ದಿ ತರ್ತಿ. ಮೂರು ವರ್ಷ ನಾ ಈ ಬಾಗಿಲಾಗ ನಿಂತು ನಿನ್ನ ಬಸ್ಸಿನ ಮ್ಯಾಲ ಹೊಟ್ಟಿ ಉರಕೊಂಡೀನಿ. ಅಣವೀರಪ್ಪ ತಾನಾಗಿ ಬಂದಿದ್ದಿಲ್ಲ. ನಾನೇ ಹೋಗಿ ಕೆಲಸ ಕೇಳಿ ಬಂದಿದ್ದೆ. ಕೂಸಿನ್ನ ಬಿಟ್ಟು ಹೋಗೂ ಮಾತು ಬಂದಾಗ ಎದಿ ಆಗಲಿಲ್ಲ, ಅದಕ್ಕ ಬಾವಿ, ಮಳಿ ಅಂದೆ."

ನಾನು ಬಸ್ಸಿನ ಸೀರೆಯಲ್ಲೇ ಅವರೆದುರು ನೆಲದ ಮೇಲೆ ಕೂತೆ.

"ಇವತ್ತು ನಾಕು ತಾಸು ಕುರ್ಚಿ ಮ್ಯಾಲ ಕೂತು ಕೆಲಸ ಮಾಡ್ದೆ. ಮಂದಿ ಜೋಡಿ ಚಾ ಕುಡದೆ. ನಕ್ಕೆ. ಭಾಳ ಖುಷಿ ಆತು, ಇಂದೂ. ಅನಘಾನ ನೆನಪು ಒಂದು ಸಲಾನೂ ಬರಲಿಲ್ಲ. ಮೂರಕ್ಕ ಏಳೂಮುಂದ ನೆನಪಾಗಿ ಎದಿ ಝಲ್ಲಂತು. ಅಲ್ಲಿ ನನ್ನ ನೆನಸಿ ಅಳ್ತಿರತಾಳ ಕೂಸು, ನಾ ಇಲ್ಲೆ ನಕ್ಕೋತ ಕೂತೀನಿ ಅಂತ ಓಡಿ ಬಂದೀನಿ. ಬಂದು ಎರಡೂವರಿ ತಾಸಿನಿಂದ ಇಲ್ಲೇ ನಿಂತೀನಿ." ಅಂಗಳದಲ್ಲಿ ಬಾಳೆಹಣ್ಣಿನ ಸಿಪ್ಪೆ ಹಿಡಿದು ಆಡುತ್ತಿದ್ದ ಮಗಳನ್ನು ನೋಡಿದರು. "ಅಕಿ ಆರಾಮ ಇದ್ಲಂತ."

ಅವರ ಮುಖ ನೋಡಿದೆ. ಮೂರು ವರ್ಷ ಹೊಸ್ತಿಲ ಈಚೆ ನಿಂತು ಡಬ್ಬಿ ಇಸಿದುಕೊಂಡ ನನ್ನ ಮುಖ ಹೀಗೇ ಇದ್ದಿರಬೇಕು. ಉರಿಯಲಿ ಎಂದು ಬಯಸಿದ್ದೆ, ಉರಿದಿತ್ತು. ನನಗೆ ಹಾಲು ಕುಡಿದಷ್ಟು ಸಂತೋಷವಾಗಬೇಕಿತ್ತು. ಆಗಲಿಲ್ಲ ಎಂದರೆ ಸುಳ್ಳು; ಒಂದು ಗುಟುಕಿನಷ್ಟು ಆಯಿತು, ಅಲ್ಲಿಗೇ ಮುಗಿಯಿತು.

"ಹೋಗ್ಬೇಕು ನೀವು," ಎಂದೆ. "ಬಿಡಬ್ಯಾಡ್ರಿ."

ನಾನು ಅವರ ಒಳ್ಳೆಯದಕ್ಕೆ ಹಾಗೆಂದೆನೋ, ಅವರು ಮನೆಯಲ್ಲಿ ಉಳಿದರೆ ಕೂಸು ಮತ್ತೆ ಪೂರ್ತಿ ಅವರದಾಗುತ್ತದೆ ಎಂದು ಹಾಗೆಂದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಎರಡೂ ಇತ್ತು ಅಂತಲೇ ಇಟ್ಟುಕೊಳ್ಳಿ.

"ಕೂಸು?"

"ಕೂಸು ನನ್ನ ಜೋಡಿ ಬರ್ತಾಳ."

"ನಿನ್ನ ಜೋಡಿ ಅಲ್ಲ," ಎಂದರು ಅವರು, ಮೆಲ್ಲಗೆ. "ಹಣಮಮ್ಮನ ಜೋಡಿ."

ಎದೆಗೆ ಸೀದಾ ಬಡಿಯಿತು ಮಾತು. ಎದ್ದು ಬಚ್ಚಲಿಗೆ ಹೋಗಿ, ಸದ್ದು ಕೇಳಿಸದಿರಲಿ ಎಂದು ತಂಬಿಗೆ ತಂಬಿಗೆ ನೀರು ಹುಯ್ದುಕೊಳ್ಳುತ್ತ ಅತ್ತೆ. ಹೊರಗೆ ಅವರು ಅನಘಾಗೆ ಅನ್ನ ಕಲಸುತ್ತಿದ್ದರು. ಹೊಟ್ಟೆ ತುಂಬಿದೆ, ಹಣಮಜ್ಜಿ ಉಣ್ಣಿಸಿದ್ದಾಳೆ ಎಂದು ಆಕೆ ಹಟ ಮಾಡುತ್ತಿದ್ದುದು ಕೇಳಿಸಿತು.

ಅವರು ಕೆಲಸ ಬಿಡಲಿಲ್ಲ. ಮಂಗಳವಾರ, ಬುಧವಾರ, ಗುರುವಾರ, ದಿನಾ ಬಸ್ಸು ಹತ್ತಿಸಲು ಬಂದರು. ಬುಧವಾರ ಅನಘಾ ಅಳಲಿಲ್ಲ. ಗುರುವಾರ ಕಿಟಕಿಯಿಂದ ಕೈ ಬೀಸಲು ಮರೆತಳು. ಕಮಲಾಪುರದಲ್ಲಿ ಇಳಿದ ಕೂಡಲೆ ನನ್ನ ಬೆರಳು ಬಿಟ್ಟು ಚಪ್ಪರದ ಕಡೆ ಓಡುತ್ತಿದ್ದಳು. ಹಣಮಮ್ಮ ಈಗ ಕೈ ಮೇಲೆತ್ತುತ್ತಿರಲಿಲ್ಲ. ಸೌಟು ಪಕ್ಕಕ್ಕಿಟ್ಟು ಕೈ ಚಾಚುತ್ತಿದ್ದಳು. ನಾನು ಎರಡೂ ಚೀಲ ಹೊತ್ತು ಹಿಂದಿನಿಂದ ನಡೆದು ಹೋಗಿ, ಹಾಜರಿ ಕರೆದು, ಹಲಗೆ ಒರೆಸಿ ಪಾಠ ಶುರು ಮಾಡುತ್ತಿದ್ದೆ. ಒಂದು ಗೋಡೆಯ ಆಚೆ ನನ್ನ ಮಗಳು ನಗುವುದು ಇಡೀ ದಿನ ಕೇಳಿಸುತ್ತಿತ್ತು.

ಶುಕ್ರವಾರ ಸಂಜೆ ಕಲಬುರಗಿಯಲ್ಲಿ ಬಸ್ಸು ಇಳಿದರೆ ನನ್ನ ಗಂಡ ಅಲ್ಲೇ ನಿಂತಿದ್ದರು. ಅಣವೀರಪ್ಪ ಕೆಲಸ ಮೆಚ್ಚಿಕೊಂಡರಂತೆ, ಮುಖ ಕಳೆಯಾಗಿತ್ತು. ಆಮೇಲೆ, ಮಗಳಿಗೆ ಕೇಳಿಸದಂತೆ, ನನ್ನ ಕಿವಿಯ ಹತ್ತಿರ ಬಂದು, "ಇವತ್ತರೇ ನೆನಸಿದ್ಲೇನು?" ಎಂದು ಕೇಳಿದರು.

ನೆನಸಿರಲಿಲ್ಲ. ಆ ಉತ್ತರ ನನ್ನ ಬಾಯಲ್ಲಿ ಸಿದ್ಧವಾಗಿತ್ತು.

"ಹೂಂ," ಎಂದೆ. "ಎರಡು ಸಲ. ಉಣ್ಣೂಮುಂದ ಒಮ್ಮೆ, ಮಲಗೂಮುಂದ ಒಮ್ಮೆ."

ಅವರು ನಂಬಿದರು. ಬಸ್ ಸ್ಟ್ಯಾಂಡಿನ ನಡುವೆ ನಿಂತು ಕಣ್ಣು ಒರೆಸಿಕೊಂಡರು. ಆಮೇಲೆ ನನ್ನ ಹೆಗಲಿನ ಚೀಲ ತೆಗೆದುಕೊಳ್ಳುತ್ತ, ಅಂಥ ಯೋಚನೆಯೇನೂ ಇಲ್ಲದೆ, "ನಿನ್ನ?" ಎಂದರು. "ನಿನ್ನ ಎಷ್ಟು ಸಲ ನೆನಸ್ತಾಳ?"

"ನಾ ಅಲ್ಲೇ ಇರ್ತೀನಲ್ರೀ," ಎಂದೆ. "ನನ್ನ ಯಾಕ ನೆನಸ್ತಾಳ?"